ಒಂದು ಹೊತ್ತಿನ ಲೆಕ್ಕ

ಸಂಜೆ ಏಳೂವರೆ ಆಗುವ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ, "ರಾತ್ರಿಗೆ ಏನು?" ಫ್ರಿಜ್ಜಿನಲ್ಲಿ ಅರ್ಧ ಸೋರೆಕಾಯಿ ಇರುತ್ತದೆ, ಬಾಡಿದ ಕೊತ್ತಂಬರಿ ಸೊಪ್ಪು ಇರುತ್ತದೆ. ಬೇಳೆ ಬೇಯಿಸಿರುವುದಿಲ್ಲ. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಬಂದವರಿಗೆ ಒಲೆಯ ಮುಂದೆ ನಿಲ್ಲುವ ತ್ರಾಣ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಮೊಬೈಲಿನಲ್ಲಿ ಆರ್ಡರ್ ಹೋಗಿಬಿಡುತ್ತದೆ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ನಾವು ದೂರುವುದು ಮಾತ್ರ ತೊಗರಿಬೇಳೆಯ ದರವನ್ನು.

ಬೆಂಗಳೂರಿನ ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಊಟದ ಖರ್ಚು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಒಂದು ತಿಂಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಿನಸಿ, ತರಕಾರಿ, ಹಾಲು, ಗ್ಯಾಸ್, ಹೋಟೆಲು, ಆ್ಯಪ್ ಎಂದು ಬೇರೆ ಬೇರೆ ಪುಟ. ಆಮೇಲೆ ಒಂದೇ ಅಳತೆಗೋಲಿನಿಂದ ಎಲ್ಲವನ್ನೂ ಅಳೆದೆ. ಒಬ್ಬರಿಗೆ, ಒಂದು ಹೊತ್ತಿಗೆ ಎಷ್ಟು? ಈ ಲೆಕ್ಕ ಮಾಡಿ ನೋಡುವವರೆಗೆ ಮನೆಯೂಟ ಎಷ್ಟು ಅಗ್ಗ ಎಂಬುದು ನನಗೇ ಗೊತ್ತಿರಲಿಲ್ಲ.

ಅನ್ನ, ಸಾರು, ಪಲ್ಯ, ಮೊಸರಿನ ಸಾಧಾರಣ ಊಟವನ್ನೇ ತೆಗೆದುಕೊಳ್ಳಿ. ಕಿಲೋಗೆ 60 ರೂಪಾಯಿಯ ಅಕ್ಕಿ ಒಬ್ಬರಿಗೆ 100 ಗ್ರಾಂ ಸಾಕು, 6 ರೂಪಾಯಿ ಆಯಿತು. ಕಿಲೋಗೆ 130ರ ಬೇಳೆ 30 ಗ್ರಾಂ, 4 ರೂಪಾಯಿ. ತರಕಾರಿಗೆ 6, ಎಣ್ಣೆ, ಕಾಯಿ, ಸಾರಿನ ಪುಡಿಗೆ 5, ಮೊಸರಿಗೆ 6. ಗ್ಯಾಸಿನ ಲೆಕ್ಕ ಹೀಗೆ: 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿಯಿರಿ, ಅದು 45 ದಿನ ಬಂದರೆ ನಾಲ್ಕು ಜನರ ಮೂರು ಹೊತ್ತಿಗೆ 540 ಊಟ ತಿಂಡಿಯಾಯಿತು, ಒಂದಕ್ಕೆ 2 ರೂಪಾಯಿಗೂ ಕಡಿಮೆ. ಎಲ್ಲ ಸೇರಿ 30 ರೂಪಾಯಿಯ ಒಳಗೆ. ನಾಲ್ವರಿಗೆ 120. ನಿಮ್ಮೂರಿನ ದರ ಸ್ವಲ್ಪ ಆಚೀಚೆ ಇರಬಹುದು, ಅಂತರ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಅದೇ ರಾತ್ರಿ ಆ್ಯಪ್‌ನಲ್ಲಿ ತರಿಸಿದರೆ ನಾಲ್ವರಿಗೆ 650 ರೂಪಾಯಿ ಸುಲಭವಾಗಿ ಆಗುತ್ತದೆ. ಅಂದರೆ ಮನೆಯ ಐದು ರಾತ್ರಿಗಳ ಊಟ ಒಂದೇ ರಾತ್ರಿಗೆ ಮುಗಿಯಿತು.

ತಿಂಗಳಿಗೆ ಇಂಥ ನಾಲ್ಕು ಆರ್ಡರ್ ತಪ್ಪಿದರೆ 2,100 ರೂಪಾಯಿಯಷ್ಟು ಉಳಿಯುತ್ತದೆ. ಬೇಳೆ ಕಿಲೋಗೆ ಹತ್ತು ರೂಪಾಯಿ ಕಡಿಮೆಗೆ ಸಿಗುವ ಅಂಗಡಿ ಹುಡುಕಿಕೊಂಡು ಬಸ್ಸು ಹತ್ತಿದರೆ, ತಿಂಗಳಿಗೆ ನಾಲ್ಕು ಕಿಲೋ ಬಳಸುವ ಮನೆಗೆ ಉಳಿಯುವುದು 40 ರೂಪಾಯಿ. ಹಾಗಾಗಿ ಉಳಿತಾಯವನ್ನು ಅಂಗಡಿಯಿಂದ ಶುರುಮಾಡಬೇಡಿ. ಸಂಜೆ ಏಳೂವರೆಯಿಂದ ಶುರುಮಾಡಿ.

ಸುಸ್ತಾದ ಸಂಜೆಗೆ ಕೈಹಿಡಿಯುವ ಅಡುಗೆ ಮನೆಯಲ್ಲಿ ಸದಾ ಎರಡೋ ಮೂರೋ ಸಿದ್ಧವಿರಬೇಕು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಕಡಕ್ ರೊಟ್ಟಿಯನ್ನು ಒಟ್ಟಿಗೇ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಡುತ್ತಾರೆ. ತೇವ ತಗುಲದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆ ಊಟವಾಗುತ್ತದೆ. ಹಳೆ ಮೈಸೂರಿನವರಿಗೆ ತಿಂಗಳು ಇಡಬಹುದಾದ ಪುಳಿಯೋಗರೆ ಗೊಜ್ಜು, ಮಲೆನಾಡಿನವರಿಗೆ ದೊಡ್ಡಪತ್ರೆಯ ತಂಬುಳಿ. ಇದಕ್ಕೆ ನಾನು ಸೇರಿಸಿಕೊಂಡದ್ದು ಒಂದೇ: ಭಾನುವಾರವೂ ಬುಧವಾರವೂ ಎರಡು ದಿನಕ್ಕಾಗುವಷ್ಟು ಬೇಳೆ ಬೇಯಿಸಿ, ಉಪ್ಪು ಹುಳಿ ಹಾಕದೆ, ಆರಿಸಿ ಫ್ರಿಜ್ಜಿನಲ್ಲಿಡುವುದು. ಬೆಂದ ಬೇಳೆ ಇದ್ದರೆ ಸಾರಿಗೆ ಹದಿನೈದು ನಿಮಿಷ ಸಾಕು. ಅಷ್ಟರಲ್ಲಿ ಆ್ಯಪ್‌ನ ಊಟ ಹೋಟೆಲಿನಿಂದ ಹೊರಟಿರುವುದೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯೂಟ ಅಗ್ಗ ಎನ್ನುವಾಗ ಅಡುಗೆ ಮಾಡಿದವರ ದುಡಿಮೆಗೆ ನಾವು ಸೊನ್ನೆ ಹಾಕಿರುತ್ತೇವೆ. ಉಳಿತಾಯವೆಂದು ಮನೆಯ ಹೆಂಗಸು ಬೆಳಿಗ್ಗೆ ಇನ್ನೂ ಒಂದು ಗಂಟೆ ಬೇಗ ಏಳಬೇಕಾದರೆ ಅದು ಉಳಿತಾಯವಲ್ಲ, ಒಬ್ಬರ ಜೇಬಿನ ಭಾರ ಇನ್ನೊಬ್ಬರ ಬೆನ್ನಿಗೆ ಬಂದದ್ದು. ನಮ್ಮ ಮನೆಯಲ್ಲಿ ಈಗ ಭಾನುವಾರ ಸೊಪ್ಪು ಬಿಡಿಸುವುದು, ಕಾಯಿ ತುರಿದು ಡಬ್ಬಿಗೆ ತುಂಬುವುದು, ಹುಣಸೆಹಣ್ಣು ನೆನೆಸಿ ರಸ ತೆಗೆಯುವುದು ಯಜಮಾನರದೂ ಮಕ್ಕಳದೂ ಪಾಲು. ಆ್ಯಪ್‌ನ ಆರ್ಡರ್ ಕಡಿಮೆಯಾದದ್ದು ಇದರಿಂದಲೇ.

ಒಂದು ಪಾತ್ರೆಯಲ್ಲಿ ಎರಡು ಅಡುಗೆ ಮಾಡುವ ಜಾಣ್ಮೆಯೂ ನಮ್ಮಲ್ಲಿದೆ. ಬಸ್ಸಾರು ಅಂಥದ್ದು. ಕಾಳು ಅಥವಾ ಬೇಳೆಯ ಜೊತೆ ಸೊಪ್ಪು ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ನೀರಿಗಿಳಿದ ಸತ್ವ ಚರಂಡಿಗೆ ಹೋಗುವುದಿಲ್ಲ. ಮಂಡ್ಯದ ನಮ್ಮ ಅತ್ತೆ ಮುದ್ದೆಯ ಜೊತೆ ಇದನ್ನು ಮಾಡುವಾಗ ಖರ್ಚಿನ ಮಾತೇ ಎತ್ತುವುದಿಲ್ಲ, ರುಚಿಗೆಂದೇ ಮಾಡುತ್ತಾರೆ. ಹೀರೆಕಾಯಿಯ ಸಿಪ್ಪೆ ಹುರಿದರೆ ಚಟ್ನಿ. ಕಲ್ಲಂಗಡಿಯ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿದರೆ ಕರಾವಳಿಯವರ ಮೆತ್ತನೆಯ ದೋಸೆ.

ಕುಕ್ಕರಿನ ವಿಷಯದಲ್ಲಿ ಹಲವರು ಗ್ಯಾಸ್ ಸುಮ್ಮನೆ ಸುಡುತ್ತಾರೆ. ಒಳಗೆ ಒತ್ತಡ ಏರಿದಾಗ ನೀರು ನೂರು ಡಿಗ್ರಿಯ ಬದಲು 120 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಬೇಗ ಬೇಯುವುದು ಅದಕ್ಕೇ. ವಿಷಲ್ ಎದ್ದಿತೆಂದರೆ ಒತ್ತಡ ತನ್ನ ಮಿತಿ ಮುಟ್ಟಿದೆ ಎಂದರ್ಥ. ಆಮೇಲೆ ಉರಿ ಎಷ್ಟೇ ಜೋರಿದ್ದರೂ ಒಳಗಿನ ಬಿಸಿ ಏರುವುದಿಲ್ಲ, ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಹೊರಗೆ ಹೋಗುತ್ತದೆ. ಆದ್ದರಿಂದ ಮೊದಲ ವಿಷಲ್ಲಿಗೇ ಉರಿ ಸಣ್ಣಗೆ ಮಾಡಿ, ಸಮಯ ನೋಡಿ ಆರಿಸಿ. ಬೇಳೆಯನ್ನು ಅರ್ಧ ಗಂಟೆ, ಕಡಲೆ, ರಾಜ್ಮಾದಂಥ ಗಟ್ಟಿ ಕಾಳುಗಳನ್ನು ರಾತ್ರಿಯಿಡೀ ನೆನೆಹಾಕಿ. ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ ಒಟ್ಟಿಗೇ ಇಟ್ಟರೆ ಒಂದೇ ಉರಿಯಲ್ಲಿ ಮೂರೂ ಆದವು.

ಏನನ್ನು ಮನೆಯಲ್ಲೇ ಮಾಡಬೇಕು, ಏನನ್ನು ಕೊಂಡರೂ ನಡೆಯುತ್ತದೆ ಎಂಬುದಕ್ಕೂ ಹೊತ್ತಿನ ಲೆಕ್ಕವೇ ಉತ್ತರ. ಮುಕ್ಕಾಲು ಕಿಲೋ ಇಡ್ಲಿ ಅಕ್ಕಿ 50ರ ದರದಲ್ಲಿ 38 ರೂಪಾಯಿ, ಕಾಲು ಕಿಲೋ ಉದ್ದಿನಬೇಳೆ 130ರ ದರದಲ್ಲಿ 33 ರೂಪಾಯಿ. ನೀರು ಸೇರಿ ರುಬ್ಬಿದರೆ ಎರಡೂವರೆ ಕಿಲೋ ಹತ್ತಿರ ಹಿಟ್ಟು, ಸಾಧಾರಣ ಗಾತ್ರದ ಐವತ್ತು ಇಡ್ಲಿ. ಒಂದಕ್ಕೆ ಒಂದೂವರೆ ರೂಪಾಯಿಯೂ ಆಗಲಿಲ್ಲ. ನಿಮ್ಮ ಅಂಗಡಿಯ ಹಿಟ್ಟಿನ ಪ್ಯಾಕೆಟ್ಟಿನ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗ್ರೈಂಡರ್ ತಾನೇ ತಿರುಗುತ್ತದೆ, ನಮ್ಮ ಕೆಲಸ ತೊಳೆಯುವುದು ಮಾತ್ರ. ಸಾರಿನ ಪುಡಿಯ ಮಾತು ಬೇರೆ. ಕೊಂಡರೂ ಒಂದು ಹೊತ್ತಿಗೆ ಹೆಚ್ಚೆಂದರೆ ಒಂದೆರಡು ರೂಪಾಯಿಯ ವ್ಯತ್ಯಾಸ. ಪುಡಿಯನ್ನು ರುಚಿಗಾಗಿ ಮನೆಯಲ್ಲಿ ಮಾಡಿ, ಉಳಿತಾಯಕ್ಕೆಂದು ಬೇಡ.

ಇನ್ನು ಅಂಗಡಿ. ಪೊಟ್ಟಣಗಳ ಮೇಲೆ ಎಂಆರ್‌ಪಿಯ ಹತ್ತಿರ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಎಂಬ ದರ ಮುದ್ರಿಸಬೇಕೆಂಬ ನಿಯಮವಿದೆ. ನಾನು ನೋಡುವುದು ಅದನ್ನೇ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗವೇನಲ್ಲ. ಅಡುಗೆ ಎಣ್ಣೆಯಲ್ಲಿ ಇನ್ನೂ ಹುಷಾರು ಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅದರಷ್ಟೇ ಇರುವ 800, 850 ಗ್ರಾಂ ಪ್ಯಾಕೆಟ್ಟುಗಳೂ ಪಕ್ಕದಲ್ಲೇ ಇರುತ್ತವೆ, ದರ ಸ್ವಲ್ಪ ಕಡಿಮೆ ಎಂದು ಕೈ ಅತ್ತ ಹೋಗುತ್ತದೆ.

ಅಕ್ಕಿ ಅಂಗಡಿಯಲ್ಲಿ 26 ಕಿಲೋ ಚೀಲ ಕಂಡು ಇದೇನು ಅಳತೆ ಎಂದುಕೊಂಡಿರಬಹುದು. 2022ರ ಜುಲೈ 18ರಿಂದ, ಮೊದಲೇ ತೂಗಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ, ಅಂಗಡಿಯವರು ಕಣ್ಣೆದುರು ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೂ ಇಲ್ಲ. ಹೀಗೆ ಹುಟ್ಟಿದ್ದು 26 ಕಿಲೋ ಚೀಲ. ಎರಡು ತಿಂಗಳಲ್ಲಿ ಮುಗಿಯುವಂತಿದ್ದರೆ ಅದನ್ನೇ ತನ್ನಿ. ಮಳೆಗಾಲದಲ್ಲಿ ಹುಳ ಹಿಡಿಸಿ ಚೆಲ್ಲುವುದಾದರೆ ಬಿಡಿ ಅಕ್ಕಿಯೇ ಮೇಲು.

ತರಕಾರಿಯಲ್ಲಿ ಹಣ ಉಳಿಸುವವರು ಪಟ್ಟಿ ಹಿಡಿದು ಹೋಗುವುದಿಲ್ಲ, ಸಂತೆಯನ್ನು ನೋಡಿ ಪಟ್ಟಿ ಮಾಡುತ್ತಾರೆ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಆ ದಿನದ ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಅಲ್ಲಿ ಒಮ್ಮೆ ಕಣ್ಣಾಡಿಸಿ ತಳ್ಳುಗಾಡಿಯವರ ಬಳಿ ಹೋದರೆ ಯಾವ ತರಕಾರಿ ಈ ವಾರ ಇಳಿದಿದೆ ಎಂಬ ಅಂದಾಜು ಸಿಗುತ್ತದೆ. ಹಾಗೆಂದು ಎರಡು ಕಟ್ಟು ಸೊಪ್ಪು ಮಾರುವ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನು ಉಳಿತಾಯದ ಲೆಕ್ಕಕ್ಕೆ ಸೇರಿಸಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ, ಕೋಲಾರದ ಮಾರುಕಟ್ಟೆ ಪಕ್ಕದಲ್ಲೇ ಇರುವ ಬೆಂಗಳೂರಿನಲ್ಲೂ ಎಷ್ಟೋ ಮನೆಗಳವರು ಕಂಗಾಲಾದರು. ಸಾರಿಗೆ ಹುಳಿ ಬೇಕು, ಟೊಮೆಟೊ ಬೇಕೆಂದೇನಿಲ್ಲ. ಟೊಮೆಟೊ ಅಮೆರಿಕ ಖಂಡದಿಂದ ಬರುವ ಮೊದಲೂ ನಮ್ಮಲ್ಲಿ ಸಾರು ಹುಣಸೆಯಿಂದ ನಡೆದಿತ್ತು. ಮಾವಿನಕಾಯಿ, ಅಮಟೆಕಾಯಿ, ಪುನರ್ಪುಳಿ, ನಿಂಬೆ, ಹುಳಿ ಮಜ್ಜಿಗೆ, ಯಾವುದು ಕೈಗೆ ಸಿಕ್ಕರೆ ಅದು. ಒಂದು ತರಕಾರಿಯ ದರ ಏರಿದಾಗ ಅಡುಗೆಯನ್ನೇ ಬದಲಿಸಲು ಬಂದರೆ ವರ್ಷಕ್ಕೆ ಉಳಿಯುವುದು ಸಣ್ಣ ಮೊತ್ತವಲ್ಲ.

ಉಳಿದ ಅನ್ನದ ಬಗ್ಗೆ ಮಾತ್ರ ಗಟ್ಟಿಯಾಗಿ ಒಂದು ಎಚ್ಚರಿಕೆ. ಬೆಳಿಗ್ಗೆಯ ಚಿತ್ರಾನ್ನ ರಾತ್ರಿಯ ಅನ್ನದ್ದೇ, ನಮ್ಮ ಮನೆಯಲ್ಲೂ ಹಾಗೇ. ಆದರೆ ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಕೂತರೆ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. ಅನುಮಾನ ಬಂದರೆ ಚೆಲ್ಲಿ. ಆಸ್ಪತ್ರೆಯ ಬಿಲ್ಲಿಗೆ ಹೋಲಿಸಿದರೆ ಎರಡು ಹಿಡಿ ಅನ್ನ ಏನೂ ಅಲ್ಲ.

ಹೋಟೆಲಿಗೆ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಮಸಾಲೆದೋಸೆಯ ಶನಿವಾರ ಬೇಕು, ನಮಗೂ ಬೇಕು. ಆದರೆ ಹೋಟೆಲಿನಲ್ಲಿ ನಾವು ಕೊಡುವ ಹಣ ಯಾವುದಕ್ಕೆ ಹೋಗುತ್ತದೆ ಎಂದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ತಟ್ಟೆಯಲ್ಲಿರುವ ಪದಾರ್ಥಕ್ಕೆ ಹೋಗುವುದು ಸಣ್ಣ ಪಾಲು. ಉಳಿದದ್ದು ಬಾಡಿಗೆ, ಸಂಬಳ, ಕರೆಂಟು, ನಾವು ಕೂತ ಕುರ್ಚಿಯ ಸಮಯ. ಬೆಂಗಳೂರಿನ ದರ್ಶಿನಿಗಳು ಈ ಲೆಕ್ಕವನ್ನೇ ತಿರುಗಿಸಿದವು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿಯಿಂದ ಶುರುವಾದ ಪದ್ಧತಿ ಅದು. ಕುರ್ಚಿ ಇಲ್ಲ, ಬಡಿಸುವವರಿಲ್ಲ, ಚೀಟಿ ಪಡೆದು ನಿಂತು ತಿಂದು ಹೊರಡುವುದು. ಅದೇ ಜಾಗದಲ್ಲಿ ಎಷ್ಟೋ ಪಾಲು ಹೆಚ್ಚು ಜನ ತಿನ್ನುವುದರಿಂದ ಒಂದು ತಟ್ಟೆಯ ಮೇಲೆ ಬೀಳುವ ಬಾಡಿಗೆ ಕಡಿಮೆ. ದೊಡ್ಡ ಹೋಟೆಲುಗಳಲ್ಲೂ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಸರ್ವಿಸ್, ಅದರಾಚೆ ಎಸಿ ಹಾಲ್ ಎಂದಿರುತ್ತದೆ. ಅಡುಗೆಮನೆ ಒಂದೇ, ದರ ಮೂರು. ಅಪ್ಪ ಅಮ್ಮನನ್ನು ಕರೆದೊಯ್ದ ದಿನ ಕುರ್ಚಿಗೆ ಹಣ ಕೊಡೋಣ. ಬರೀ ಹಸಿವಿನ ದಿನ ಕೆಳಗಿನ ಕೌಂಟರು ಸಾಕು.

ಆರ್ಡರ್ ಮಾಡುವಾಗ ನಮ್ಮ ಮನೆಯವರು ಪಾಲಿಸುವುದು ಎರಡು ಸುತ್ತಿನ ಪದ್ಧತಿ. ಹಸಿದ ಕಣ್ಣಿಗೆ ಮೆನು ಕಾರ್ಡಿನಲ್ಲಿರುವುದೆಲ್ಲ ಬೇಕೆನಿಸುತ್ತದೆ. ಮೊದಲ ಸುತ್ತಿಗೆ ಅರ್ಧದಷ್ಟು ಹೇಳಿ, ತಿಂದಾದ ಮೇಲೆ ಬೇಕಿದ್ದರೆ ಮತ್ತೆ ಹೇಳುವುದು. ಎರಡನೆಯ ಸುತ್ತು ಬರುವುದೇ ಅಪರೂಪ. ಸೂಪನ್ನು ಒನ್ ಬೈ ಟು, ಕಾಫಿಯನ್ನು ಬೈ ಟು ಎನ್ನಲು ನಮ್ಮಲ್ಲಿ ಯಾರಿಗೂ ಸಂಕೋಚವಿಲ್ಲ, ಹೋಟೆಲಿನವರೂ ಎರಡು ಬಟ್ಟಲಿಗೆ ಹಾಕಿಯೇ ತರುತ್ತಾರೆ. ಚಿಕ್ಕ ಮಕ್ಕಳಿದ್ದರೆ ಫುಲ್ ಮೀಲ್ಸ್ ಬದಲು ಪ್ಲೇಟ್ ಮೀಲ್ಸ್ ಹೇಳಿ, ಏಕೆಂದರೆ ಫುಲ್ ಮೀಲ್ಸ್ ಹಂಚಿಕೊಳ್ಳಲು ಹಲವೆಡೆ ಬಿಡುವುದಿಲ್ಲ. ಚೆನ್ನಾಗಿ ಉಣ್ಣುವ ಹರೆಯದ ಹುಡುಗರಿದ್ದರೆ ಖಾನಾವಳಿಯಂಥ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳು, ಮೊಸರು ಕೇಳಿದಷ್ಟು ಬಡಿಸುವ ಖಾನಾವಳಿಗಳು ಈಗಲೂ ಇವೆ. ಬಾಟಲಿ ನೀರಿನ ಬಗ್ಗೆ ಇದು ತಿಳಿದಿರಲಿ: ಕೂರಿಸಿ ಬಡಿಸುವ ಹೋಟೆಲು ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. "ಮಾಮೂಲಿ ನೀರು ಕೊಡಿ" ಎಂದರೆ ಸಾಕು.

ಬಿಲ್ಲು ಬಂದಾಗ ಒಟ್ಟು ಮೊತ್ತ ನೋಡಿ ಕಾರ್ಡು ಕೊಡಬೇಡಿ, ಸಾಲುಸಾಲಾಗಿ ಓದಿ. ಮಗಳ ಹುಟ್ಟುಹಬ್ಬಕ್ಕೆ ಹೋದ ಒಂದು ಹೋಟೆಲಿನಲ್ಲಿ ನಮ್ಮ ಬಿಲ್ಲಿಗೆ ಶೇ 10 ಸರ್ವಿಸ್ ಚಾರ್ಜ್ ಸೇರಿತ್ತು. ಊಟಕ್ಕೆ ಸಾವಿರ ರೂಪಾಯಿ ಆದರೆ ಸರ್ವಿಸ್ ಚಾರ್ಜ್ ನೂರು, ಆಮೇಲೆ 1,100ರ ಮೇಲೆ ಶೇ 5 ಜಿಎಸ್‌ಟಿ, ಒಟ್ಟು 1,155. ಅದಿಲ್ಲದಿದ್ದರೆ 1,050. ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲುಗಳ ಸಂಘಟನೆಗಳು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಮರ್ಯಾದೆಯಿಂದ "ಇದನ್ನು ತೆಗೆದು ಬೇರೆ ಬಿಲ್ ಕೊಡಿ" ಎಂದು ಕೇಳಿದೆ, ತೆಗೆದುಕೊಟ್ಟರು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಬಡಿಸಿದ ಹುಡುಗನಿಗೆ ಕೊಡಬೇಕೆನಿಸಿದ್ದನ್ನು ಅವನ ಕೈಗೇ ಕೊಟ್ಟೆವು. ಇನ್ನೊಂದು ವಿಷಯ: ಕಾಂಪೋಸಿಷನ್ ಯೋಜನೆಯಡಿ ಇರುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ಪಡೆಯುವಂತಿಲ್ಲ. ಆ ಯೋಜನೆಯಡಿ ಇದ್ದೇವೆಂದು ಅವರು ಬೋರ್ಡು ಹಾಕಿರಬೇಕು. ಬಿಲ್ಲಿನಲ್ಲಿ ತೆರಿಗೆ ಇದ್ದರೆ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ.

ಆ್ಯಪ್‌ನಲ್ಲಿ ತರಿಸಲೇಬೇಕಾದ ದಿನವೂ ಬರುತ್ತದೆ, ಜ್ವರದ ದಿನ, ಪರೀಕ್ಷೆಯ ದಿನ. ಆಗ ಅದೇ ಹೋಟೆಲಿನ ದರ ಆ್ಯಪ್‌ನಲ್ಲೂ ಕೌಂಟರಿನಲ್ಲೂ ಎಷ್ಟಿದೆ ಎಂದು ಒಮ್ಮೆ ಹೋಲಿಸಿ. ಆ್ಯಪ್‌ನವರಿಗೆ ಕಮಿಷನ್ ಕೊಡಬೇಕಾದ್ದರಿಂದ ಅನೇಕರು ಅಲ್ಲಿ ದರ ಏರಿಸಿಯೇ ಇಟ್ಟಿರುತ್ತಾರೆ. ಅದರ ಮೇಲೆ ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಶುಲ್ಕ, ಡೆಲಿವರಿ, ತೆರಿಗೆ. ಇನ್ನು ಅರವತ್ತು ರೂಪಾಯಿಯದು ಸೇರಿಸಿದರೆ ಡೆಲಿವರಿ ಉಚಿತ ಎಂದು ಬಂದಾಗ, ಮೂವತ್ತು ರೂಪಾಯಿ ಉಳಿಸಲು ಬೇಡದ ಅರವತ್ತು ರೂಪಾಯಿಯ ತಿಂಡಿ ಕೊಳ್ಳುತ್ತೇವೆ. ಹತ್ತಿರದ ಹೋಟೆಲಿಗೆ ಫೋನ್ ಮಾಡಿ, ಮನೆಯ ಡಬ್ಬಿ ಹಿಡಿದು ಹೋಗಿ ತಂದರೆ ಇಷ್ಟೂ ತಪ್ಪುತ್ತದೆ. ಅನ್ನ ಮನೆಯಲ್ಲೇ ಮಾಡಿಕೊಂಡು ಪಲ್ಯವನ್ನೋ ಗ್ರೇವಿಯನ್ನೋ ಮಾತ್ರ ತಂದರಂತೂ ಖರ್ಚು ಅರ್ಧಕ್ಕಿಳಿಯುತ್ತದೆ.

ಪ್ರಯಾಣದಲ್ಲಿ ಖರ್ಚು ಕೈಮೀರುವುದು ಹೆದ್ದಾರಿಯ ಹೋಟೆಲುಗಳಲ್ಲಿ. ಅಲ್ಲಿ ಹಸಿದ ಮಕ್ಕಳ ಜೊತೆ ದರ ನೋಡಿ ಎದ್ದು ಬರಲು ಆಗುವುದಿಲ್ಲ. ಅದಕ್ಕೇ ಊರಿಗೆ ಹೊರಟಾಗ ನಾವು ಬುತ್ತಿ ಕಟ್ಟುತ್ತೇವೆ. ಬೆಳಿಗ್ಗೆಗೆ ಚಪಾತಿ, ಚಟ್ನಿಪುಡಿ. ಮಧ್ಯಾಹ್ನಕ್ಕೆ ಮೊಸರನ್ನ, ಆದರೆ ಅದನ್ನು ಮೊಸರಿನಿಂದ ಕಲಸಬಾರದು, ಬಿಸಿಲಿಗೆ ಹುಳಿ ಬರುತ್ತದೆ. ಅನ್ನವನ್ನು ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಹಿಸುಕಿ, ಕಾಯಿಸಿದ ಹಾಲು ಧಾರಾಳವಾಗಿ ಹಾಕಿ. ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರನ್ನು ಹೆಪ್ಪಿನಂತೆ ಬೆರೆಸಿ, ಉಪ್ಪು, ಸಾಸಿವೆ ಒಗ್ಗರಣೆ, ಹೆಚ್ಚಿದ ಶುಂಠಿ ಸೇರಿಸಿ ಡಬ್ಬಿ ಮುಚ್ಚಿ. ಬೆಳಿಗ್ಗೆ ಆರಕ್ಕೆ ಬೆಂಗಳೂರಿನಲ್ಲಿ ಕಟ್ಟಿದ್ದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಚಿತ್ರದುರ್ಗದ ಆಚೆ ಮರದ ನೆರಳಲ್ಲಿ ಬಿಚ್ಚುವಾಗ ಹದವಾಗಿ ಹೆಪ್ಪುಗೊಂಡಿರುತ್ತದೆ.